ಅಸ್ಸೂಲಿನ್ ಓಣಿ

ಈ ಸಲವೂ ಪಕ್ಕದ ಮನೆಯ ರಹ್ಮಾ ಹಿಟ್ಟು, ಬೆಣ್ಣೆ, ಜೇನು ತಂದಳು. ಹಿಂದೆಯೇ ಬಂದ ಮಗ ತೌಫೀಕ್ ಒಂದು ಕಾಗದ ತಂದಿದ್ದ. ಪೆಸಾಕ್ ಹಬ್ಬದ ಎಂಟು ದಿನ ಯಹೂದಿ ಮನೆಯಲ್ಲಿ ಹಿಟ್ಟಿನ ಕಣವೂ ಇರುವಂತಿಲ್ಲ. ಹಬ್ಬ ಮುಗಿದ ಸಂಜೆ ಮೊದಲ ಹಿಟ್ಟು ಮುಸಲ್ಮಾನ ನೆರೆಮನೆಯಿಂದಲೇ ಬರಬೇಕು. ಹಾಗೆ ಕಾಯುವ ಮನೆ ಮೊರಾಕ್ಕೋದ ಈ ಓಣಿಯಲ್ಲಿ ಈಗ ಫ್ರೇಹಾಳದೊಂದೇ. ವರ್ಷವೂ ಹೊಸ್ತಿಲಿನಿಂದಲೇ ಗಟ್ಟಿಯಾಗಿ ಹರಸುತ್ತ ಬರುತ್ತಿದ್ದ ರಹ್ಮಾ ಇವತ್ತು ಬಟ್ಟಲು ಇಟ್ಟು ಸುಮ್ಮನೆ ಕುಳಿತಳು. ಫ್ರೇಹಾ ಹಿಟ್ಟು ಕಲಸತೊಡಗಿದಳು.

ತೌಫೀಕ್ ಭೂಗೋಳದ ಮೇಷ್ಟ್ರು, ಮಾತಿಗೆ ಬರವಿಲ್ಲ. ಓಣಿಯವರೆಲ್ಲ ಸೇರಿ ನಗರಸಭೆಗೆ ಅರ್ಜಿ ಕೊಡುತ್ತಾರಂತೆ. ಅಸ್ಸೂಲಿನ್ ಓಣಿ ಇನ್ನು ಲುದ್ದ್ ಓಣಿ ಆಗಬೇಕಂತೆ. ಪ್ಯಾಲೆಸ್ಟೀನಿನ ಆ ಊರಿನಿಂದ ಇಸ್ರೇಲಿನವರು ಜನರನ್ನು ಓಡಿಸಿ, ಹಲಗೆಯ ಮೇಲೆ ಬೇರೆ ಹೆಸರು ಬರೆದರಲ್ಲ, ಅದಕ್ಕೆ.

ಅದೆಲ್ಲ ಫ್ರೇಹಾಳಿಗೂ ಗೊತ್ತಿತ್ತು. ಗಾಜಾದ ಸುದ್ದಿ ನೋಡುತ್ತ ಅವಳೂ ರಹ್ಮಾಳೂ ಒಂದೇ ಟಿವಿಯ ಮುಂದೆ ಕೂತು ಅತ್ತವರು. ಆದರೆ ಅಸ್ಸೂಲಿನ್ ಎಂದರೆ ಅವಳ ಅಜ್ಜ. ಅಣ್ಣಂದಿರು ಮೊರಾಕ್ಕೋ ಬಿಟ್ಟು ಒಬ್ಬ ಪ್ಯಾರಿಸ್ಸಿಗೆ, ಒಬ್ಬ ಇಸ್ರೇಲಿಗೆ ಹೋದರು. ಅವಳಿಗೆ ಮಕ್ಕಳಿಲ್ಲ. ಇಲ್ಲೊಂದು ಮನೆತನ ಬಾಳಿತ್ತು ಎಂದು ಹೇಳಲು, ಅವಳು ಸತ್ತ ಮೇಲೆ, ಗೋಡೆಯ ಮೇಲಿನ ಓಣಿಯ ಹೆಸರಿನ ನೀಲಿ ಹಲಗೆ ಬಿಟ್ಟರೆ ಏನೂ ಉಳಿಯುವುದಿಲ್ಲ.

"ಬಸ್ ಸ್ಟ್ಯಾಂಡ್ ಹಿಂದಿನ ಹೊಸ ರಸ್ತೆಗೆ ಬರೀ ನಂಬರಿದೆ. ಲುದ್ದ್ ಅಂತ ಅದಕ್ಕಿಡಪ್ಪ, ನಾನೇ ಮೊದಲು ಸಹಿ ಹಾಕ್ತೀನಿ," ಎಂದಳು.

"ಹೆಸರಿಲ್ಲದ ರಸ್ತೆಗೆ ಹೆಸರಿಟ್ರೆ ಏನು ಬಂತು ಚಿಕ್ಕಮ್ಮ? ಅಲ್ಲಿ ನಿಮ್ಮವರು ನಮ್ಮ ಹೆಸರು ಅಳಿಸಿದ್ರು. ಇಲ್ಲಿ ಯಹೂದಿ ಹೆಸರು ಹೋಗ್ಬೇಕು."

"ನಮ್ಮಜ್ಜ ಅಂಗಿ ಗುಂಡಿ ಮಾರೋಕೆ ಫೆಸ್ ಪೇಟೆಗೆ ಹೋಗಿದ್ದೇ ದೊಡ್ಡ ದೂರ. ಅವನು ಯಾರ ಹೆಸರು ಅಳಿಸಿದ?"

ತೌಫೀಕ್ ಕಾಗದವನ್ನು ಅವಳ ಮುಂದೆ ಸರಿಸಿದ. ನೀವು ಅವರ ಹಾಗಲ್ಲ ಅಂತ ನನಗೆ ಗೊತ್ತು, ಕಾಫಿ ಅಂಗಡಿಯಲ್ಲಿ ಕೂರುವವರಿಗೂ ಗೊತ್ತಾಗಬೇಕಲ್ಲ, ಮೊದಲ ಸಹಿ ನಿಮ್ಮದಿದ್ದರೆ ಯಾರೂ ನಿಮ್ಮ ತಂಟೆಗೆ ಬರುವುದಿಲ್ಲ ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಫ್ರೇಹಾ ರಹ್ಮಾಳ ಕಡೆ ನೋಡಿದಳು. ಐವತ್ತು ವರ್ಷಗಳ ಗೆಳತಿ ತಲೆವಸ್ತ್ರ ಸರಿಮಾಡಿಕೊಂಡಳು. ತನಗೆ ಸಿಟ್ಟು ಬರುತ್ತದೇನೋ ಎಂದು ಫ್ರೇಹಾ ಕಾದಳು. ಬರಲಿಲ್ಲ. ಅಳುವೂ ಬರಲಿಲ್ಲ. ಕೈ ಒರೆಸಿಕೊಂಡು ಸಹಿ ಹಾಕಿದಳು. ಹಲಗೆ ಕಿತ್ತ ಮೇಲೆ ನಿಮಗೇ ತಂದುಕೊಡುತ್ತೇನೆ ಎಂದ ತೌಫೀಕ್, ಉಡುಗೊರೆ ಕೊಡುವವನ ಹಾಗೆ. ಅವಳು ಆಗಲಿ ಎಂದಳು.

ಕಾವಲಿ ಕಾದಿತ್ತು. ಎಣ್ಣೆ ಕೈಯಲ್ಲಿ ತೆಳ್ಳಗೆ ತಟ್ಟಿ ಬೇಯಿಸಿದ ಮೊದಲ ರೊಟ್ಟಿಗೆ ಬೆಣ್ಣೆ, ಜೇನು ಸವರಿ, ಅವನ ಚಿಕ್ಕಂದಿನಿಂದಲೂ ಕೊಟ್ಟ ಹಾಗೆ ಅವನಿಗೇ ಕೊಟ್ಟಳು. ಅವನು ಕಾಗದವನ್ನು ಜೋಪಾನವಾಗಿ ಮಡಚಿ ಜೇಬಿಗಿಟ್ಟು ತಿಂದ. ಇನ್ನೊಂದು ಕೇಳಿ ಹಾಕಿಸಿಕೊಂಡ.

"ನೀನೂ ಕಲಿತ್ಕೊಳ್ಳಮ್ಮ," ಎಂದ ತಾಯಿಗೆ, ಬೆರಳಿಗಂಟಿದ ಜೇನು ನೆಕ್ಕುತ್ತ. "ಇವರು ಹೋದ್ಮೇಲೆ ನಮಗ್ಯಾರು ಮಾಡಿಕೊಡ್ತಾರೆ?"

ರಹ್ಮಾ ತಲೆ ಎತ್ತಲಿಲ್ಲ. ಫ್ರೇಹಾ ಕಾವಲಿಯ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿದಳು.