ಬರೆಯದೆ ಉಳಿಸಿದ ಹೆಸರು

ಜನನ-ಮರಣ ವಿಭಾಗದಲ್ಲಿ ಇರುವುದು ಒಂದೇ ಕೋಣೆ, ಎರಡು ಮೇಜು. ಕಿಟಕಿ ಪಕ್ಕದ ಮೇಜಿನಲ್ಲಿ ಹುಟ್ಟಿದವರನ್ನು ಬರೆದುಕೊಳ್ಳುತ್ತಾರೆ, ಗೋಡೆ ಪಕ್ಕದ ಮೇಜಿನಲ್ಲಿ ಸತ್ತವರನ್ನು. ನಡುವೆ ಆರು ಹೆಜ್ಜೆ. ಅಷ್ಟು ದೂರ ದಾಟುವುದಕ್ಕೆ ಕೆಲವರಿಗೆ ತೊಂಬತ್ತು ವರ್ಷ ಬೇಕಾಗುತ್ತದೆ, ಕೆಲವರಿಗೆ ಎರಡೇ ದಿನ ಸಾಕು.

ಹುಟ್ಟಿನ ಮೇಜಿನ ಗುಮಾಸ್ತೆಗೆ ಜನ ಇಟ್ಟ ಹೆಸರು ಹೆಸರಕ್ಕ. ಇಪ್ಪತ್ತೆಂಟು ವರ್ಷದಿಂದ ಕಂಡವರ ಮಕ್ಕಳ ಹೆಸರು ಬರೆದೂ ಬರೆದೂ ಅವಳಿಗೆ ಹೆಸರುಗಳ ಮೇಲೆ ರೇಗಿಹೋಗಿತ್ತು. ಹೋದ ವರ್ಷ ಒಂದೇ ಹೆಸರನ್ನು ನಲವತ್ತಾರು ಸಲ ಬರೆದಿದ್ದಳು. “ನಾಳೆ ಶಾಲೇಲಿ ಮೇಷ್ಟ್ರು ಒಂದ್ಸಲ ಕೂಗಿದ್ರೆ ಅರ್ಧ ಕ್ಲಾಸು ಎದ್ದು ನಿಲ್ಲತ್ತೆ. ಅಷ್ಟೂ ಮಕ್ಕಳಿಗೆ ಬೇರೆ ಬೇರೆ ಮುಖ ಕೊಟ್ಟ ದೇವರಿಗಿಂತ ನಿಮಗೇನ್ರಪ್ಪ ಸೋಮಾರಿತನ?” ಎಂದು ಬಂದವರನ್ನು ಗದರಿಸುತ್ತಿದ್ದಳು. ಹೊಸದಾಗಿ ಅಪ್ಪ ಅಮ್ಮ ಆದವರು ಯಾರ ಬೈಗುಳಕ್ಕೂ ನಗುತ್ತಾರೆ, ಇವಳದಕ್ಕೂ ನಗುತ್ತಿದ್ದರು.

ಬೈದು ಸುಮ್ಮನಿರುವವಳೂ ಅಲ್ಲ. ಹಳೆಯ ದಾಖಲೆ ಪುಸ್ತಕಗಳಲ್ಲಿ ಒಂದೋ ಎರಡೋ ಸಲ ಬಂದು, ಆಮೇಲೆ ಯಾರೂ ಇಡದೆ ಬಿಟ್ಟ ಹೆಸರುಗಳನ್ನು ಅವಳು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಳು. ತಾವರೆ, ನೇಸರ, ಹೊನ್ನಿ, ಮಂದಾರೆ, ಚೆಲುವಯ್ಯ. ಹೆಸರು ತೋಚದೆ ತಲೆ ಕೆರೆದುಕೊಳ್ಳುವ ಜೋಡಿ ಬಂದರೆ ಆ ಪುಸ್ತಕ ಮೇಜಿನ ಮೇಲೆ ಬರುತ್ತಿತ್ತು. “ನೋಡಿ, ಬಂಗಾರದಂಥ ಹೆಸರು. ಕಾಸು ಕೊಡಬೇಕಾಗಿಲ್ಲ. ಐವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ.” ಹತ್ತರಲ್ಲಿ ಒಬ್ಬರು ಒಪ್ಪಿದರೆ ಅವತ್ತೆಲ್ಲ ಅವಳ ಮುಖ ಊರಗಲ.

ಅವಳದು ಇನ್ನೊಂದು ಪದ್ಧತಿಯೂ ಇತ್ತು. ಅವಳು ಕೊಡಿಸಿದ ಹೆಸರಿನ ಕೂಸು ವರ್ಷ ತುಂಬುವ ಮೊದಲೇ ಎದುರು ಮೇಜಿಗೆ ದಾಟಿದರೆ, ನೋಟುಪುಸ್ತಕದಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದುಬಿಡುತ್ತಿದ್ದಳು. ಇನ್ನು ಆ ಹೆಸರನ್ನು ಯಾರಿಗೂ ಹೇಳುತ್ತಿರಲಿಲ್ಲ. ಹಾಗೆ ಗೆರೆ ಬಿದ್ದವು ಹದಿನೇಳು ಇದ್ದವು.

ಎದುರು ಮೇಜಿನ ಗುಮಾಸ್ತನನ್ನು ಎಲ್ಲರೂ ಯಮಣ್ಣ ಎನ್ನುತ್ತಿದ್ದರು. ಅವನಿಗೂ ಅದು ಗೊತ್ತು, ಬೇಜಾರಿಲ್ಲ. “ಅಕ್ಕಾ, ಹೆಸರು ಏನು ಮಾಡತ್ತೆ ಪಾಪ? ಕ್ಷೀರಸಾಗರ ಭಟ್ಟ ಅಂತ ಹೆಸರಿಟ್ಟುಕೊಂಡೋನ ಮನೇಲೂ ಮಜ್ಜಿಗೆಗೆ ಗತಿ ಇರ್ಲಿಲ್ಲವಂತೆ” ಎಂದು ಅವನು ಕೆಣಕುತ್ತಿದ್ದ.

“ನಿನಗೆ ಗೊತ್ತಾಗಲ್ಲ, ಸುಮ್ಮನಿರು. ಸೂತಕದ ಹೆಸರನ್ನ ಆಡೋ ಕೂಸಿಗೆ ಕೊಡೋಕೆ ನನಗೆ ಕೈ ಬರಲ್ಲ.”

ಆ ನೋಟುಪುಸ್ತಕದಲ್ಲಿ ಎಲ್ಲಕ್ಕಿಂತ ಒಳ್ಳೆಯ ಹೆಸರನ್ನು ಮಾತ್ರ ಅವಳು ಬರೆದೇ ಇರಲಿಲ್ಲ. ನಲ್ಮೆ. ಎಪ್ಪತ್ತು ವರ್ಷದ ಹಿಂದಿನ ಪುಸ್ತಕದಲ್ಲಿ, ನೀರು ಬಿದ್ದು ಮಸುಕಾದ ಹಾಳೆಯಲ್ಲಿ ಒಂದೇ ಒಂದು ಸಲ ಅದು ಬಂದಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅದನ್ನು ಕಂಡಾಗ ಅವಳ ಮಗಳಿಗೆ ಎರಡು ವರ್ಷ, ಅದಾಗಲೇ ಅಜ್ಜಿಯ ಹೆಸರು ಅಂಟಿಸಿಕೊಂಡಿದ್ದಳು. ಇರಲಿ, ಇವಳ ಮಗಳಿಗೆ ಆಗುತ್ತೆ ಎಂದು ತೆಗೆದಿಟ್ಟಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಅಂತಾರೆ. ಹೆಸರಕ್ಕ ಇಪ್ಪತ್ತೆಂಟು ವರ್ಷ ಮೊದಲೇ ಹೊಲಿಸಿದ್ದಳು.

ಮಗಳು ಬಸುರಿಯಾದಾಗ ಅವಳ ಕಿವಿಯಲ್ಲಿ ಹೇಳಿದಳು. ಮಗಳು ಎರಡು ಮೂರು ಸಲ ಬಾಯಲ್ಲಿ ಆಡಿಸಿ ನೋಡಿ, “ಇದೇ ಅಮ್ಮ. ಬೇರೆ ಯಾವುದೂ ಬೇಡ” ಎಂದಳು.

ಕೂಸು ಎಂಟನೇ ತಿಂಗಳಿಗೇ ಹುಟ್ಟಿತು. ಹೆಣ್ಣು. ಒಂದೂಕಾಲು ಕಿಲೋ. ಆಸ್ಪತ್ರೆಯವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗಿಗೆ ನಳಿಗೆ ಹಾಕಿದರು. ಮಗಳಿಗೂ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಅವತ್ತೇ ಇನ್ನೊಂದು ಆಪರೇಷನ್ ಆಯಿತು. ಹೊಲಿಗೆ ಸ್ವಲ್ಪ ಜಾಸ್ತಿ ಬಿದ್ದಿದೆ ಅತ್ತೆ, ಅಷ್ಟೇ, ಎಂದ ಅಳಿಯ. ಮಕ್ಕಳ ಡಾಕ್ಟರಮ್ಮ ಮಾತ್ರ ಹೆಸರಕ್ಕನನ್ನು ಪಕ್ಕಕ್ಕೆ ಕರೆದು, “ಆಸೆ ಇಟ್ಕೋಬೇಡಿ ಅನ್ನಲ್ಲ. ತುಂಬಾ ಇಟ್ಕೋಬೇಡಿ” ಎಂದರು.

ಮೂರನೆಯ ದಿನ ಆಸ್ಪತ್ರೆಯಿಂದ ಜನನದ ಚೀಟಿ ಅವಳ ಮೇಜಿಗೆ ಬಂತು. ತಾಯಿಯ ಹೆಸರು, ತಂದೆಯ ಹೆಸರು, ತೂಕ, ಗಳಿಗೆ ಎಲ್ಲ ಬರೆದಳು. ಮಗುವಿನ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಆ ಜಾಗವನ್ನು ವರ್ಷದವರೆಗೆ ಖಾಲಿ ಬಿಡುವುದಕ್ಕೆ ನಿಯಮದಲ್ಲಿ ಅವಕಾಶವಿದೆ, ಎಷ್ಟೋ ಜನ ಬಿಡುತ್ತಾರೆ. ಕೂಸು ಉಳಿದರೆ ಬರೆದರಾಯಿತು. ಉಳಿಯದಿದ್ದರೆ? ಮಗಳಿಗೆ ಇನ್ನೂ ಮೂವತ್ತು. ಇನ್ನೊಂದು ಆಗುತ್ತದೆ. ಅದಕ್ಕೆ ಕೊಡುವ ಹೊತ್ತಿಗೆ ಈ ಹೆಸರಿನ ಮೇಲೆ ಗೆರೆ ಬಿದ್ದಿರಬಾರದು. ಖಾಲಿ ಬಿಟ್ಟು ಪುಸ್ತಕ ಮುಚ್ಚಿದಳು.

ಸಂಜೆ ಆಸ್ಪತ್ರೆಯಲ್ಲಿ ಮಗಳು ಕೇಳಿದ್ದು ಮೊದಲು ಅದನ್ನೇ. “ಹೆಸರು ಬರೆದ್ಯಾ ಅಮ್ಮ?”

“ಬರೆದೆ ಕಣೇ.”

ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಅಚ್ಚರಿಯಾಯಿತು. ಮಗಳು ಗಾಲಿಕುರ್ಚಿಯಲ್ಲಿ ಕೂತು ಗಾಜಿಗೆ ಬಾಯಿ ಹಚ್ಚಿ, ನಲ್ಮೆ, ನಲ್ಮೆ, ನೋಡು ಅಜ್ಜಿ ಬಂದ್ರು ಎನ್ನುತ್ತಿದ್ದಳು. ಅಜ್ಜಿ ಮಾತ್ರ “ಕೂಸೇ” ಎಂದಳು. ದಿನವೂ ಅಷ್ಟೇ ಎಂದಳು.

ಒಂಬತ್ತನೆಯ ದಿನ ಶುಕ್ರವಾರ ಮಧ್ಯಾಹ್ನ ಕೂಸು ಹೋಯಿತು. ಶನಿವಾರ ಮಣ್ಣು ಮಾಡಿದರು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ಹೆಸರಕ್ಕ ಸೋಮವಾರ ಕೆಲಸಕ್ಕೆ ಬಂದಳು.

ಯಮಣ್ಣ ಅವಳಿಗಿಂತ ಮೊದಲೇ ಬಂದು ಕೂತಿದ್ದ. ಒಂದು ಚೀಟಿಯನ್ನು ಮೇಜಿನ ಮೇಲೆ ಅಂಗಾತ ಇಟ್ಟು ಅದರ ಮೇಲೆ ಅಂಗೈ ಊರಿದ್ದ. “ಅಕ್ಕಾ, ಆಸ್ಪತ್ರೆಯಿಂದ ಬಂದಿದೆ. ನಿಮ್ಮ ಪುಸ್ತಕ ನೋಡಿದೆ. ಹೆಸರಿನ ಜಾಗ ಖಾಲಿ ಇದೆ.”

“ಗೊತ್ತು.”

“ನಾನಿನ್ನೂ ಏನೂ ಬರೆದಿಲ್ಲ. ಹನ್ನೆರಡಕ್ಕೆ ಸಾಹೇಬರಿಗೆ ಪಟ್ಟಿ ಕಳಿಸಬೇಕು. ಅಲ್ಲೀವರೆಗೆ ಟೈಮಿದೆ. ನೀವು ಬರೆದ್ರೆ ಅದನ್ನೇ ನಾನು ಇಲ್ಲಿ ಎತ್ತಿಕೊಳ್ತೀನಿ.”

ಅವಳು ಬಂದವರ ಅರ್ಜಿ ತೆಗೆದುಕೊಂಡಳು, ಮುದ್ರೆ ಒತ್ತಿದಳು, ಒಬ್ಬನ ಅಕ್ಷರ ಸರಿಯಿಲ್ಲವೆಂದು ಬೈದಳು. ಎರಡು ಸಲ ಆ ಪುಟ ತೆರೆದಳು. ಹೋದ ಕೂಸಿಗೆ ಹೆಸರಿನಿಂದ ಏನಾಗಬೇಕಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಬರುವ ಕೂಸಿಗೆ ಬೇಕು. ಇದ್ದ ಒಂದೇ ಒಂದನ್ನು ಮಣ್ಣಿಗೆ ಹಾಕುವುದೇ? ಹಟ ಬಿಡಲಿಲ್ಲ. ಬದುಕಿನ ಲೆಕ್ಕವನ್ನು ತನ್ನಷ್ಟು ಬಲ್ಲವರಿಲ್ಲ ಎನ್ನುವ ಜಂಬ ಅವಳಿಗೆ ಆ ಹೊತ್ತಿನಲ್ಲೂ ಇತ್ತು, ಸುಳ್ಳೇಕೆ ಹೇಳಬೇಕು.

ಹನ್ನೆರಡು ಹೊಡೆದ ಮೇಲೂ ಯಮಣ್ಣ ಕಾಲು ಗಂಟೆ ಕಾದ. ಆಮೇಲೆ ತಲೆ ತಗ್ಗಿಸಿ ಬರೆದ. ಹೆಣ್ಣು ಮಗು, ವಯಸ್ಸು ಒಂಬತ್ತು ದಿನ, ಹೆಸರಿಟ್ಟಿಲ್ಲ.

ಮೂರು ಗಂಟೆಗೆ ಮಗಳು ಬಂದಳು. ಅವಳು ಬರುತ್ತಾಳೆಂದು ತಾಯಿ ಎಣಿಸಿರಲಿಲ್ಲ. ಅಳಿಯ ಬಾಗಿಲವರೆಗೆ ಕೈ ಹಿಡಿದು ತಂದು ಬಿಟ್ಟು, ಹೊರಗಿನ ಬೆಂಚಿನಲ್ಲಿ ಕೂತ. ಕಿಟಕಿಯಾಚೆ ಹತ್ತು ಹನ್ನೆರಡು ಜನ ಸಾಲು ನಿಂತಿದ್ದರು. ಮಗಳು ಹೊಟ್ಟೆ ಒತ್ತಿ ಹಿಡಿದುಕೊಂಡು ನಿಧಾನವಾಗಿ ಒಳಗೆ ಬಂದು ಯಮಣ್ಣನ ಮುಂದೆ ನಿಂತಳು. “ಸಾವಿನ ಕಾಗದ ನಾನೇ ತಗೋತೀನಿ ಅಂತ ಬಂದೆ ಅಣ್ಣ. ಅದರ ಹೆಸರು ಅಚ್ಚಲ್ಲಿ ಒಂದ್ಸಲ ನೋಡ್ಬೇಕು.”

ಯಮಣ್ಣ ಹೆಸರಕ್ಕನ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವನು ಕಾಗದ ಕೊಟ್ಟ.

ಮಗಳು ಓದಿದಳು. ಇನ್ನೊಂದು ಸಲ ಓದಿದಳು. “ಅಮ್ಮ, ಬರೆದೆ ಅಂದಿದ್ಯಲ್ಲ.”

“ಅದು ಉಳಿಯಲ್ಲ ಅಂತ ನನಗೆ ಗೊತ್ತಿತ್ತು ಪುಟ್ಟಿ. ಮುಂದಿನ ಕೂಸಿಗೆ ಇರಲಿ ಅಂತ... ನಿನಗೋಸ್ಕರಾನೇ.”

ಮಗಳ ಮುಖದಲ್ಲಿ ಸಿಟ್ಟು ಬರಬಹುದೆಂದು ತಾಯಿ ಕಾದಳು. ಸಿಟ್ಟು ಬರಲಿಲ್ಲ. “ಮುಂದಿನದು ಇಲ್ಲಮ್ಮ. ಅವತ್ತು ರಕ್ತ ನಿಲ್ಲಲಿಲ್ಲ, ಗರ್ಭಕೋಶಾನೇ ತೆಗೆದುಬಿಟ್ರು. ನೀನು ತಡ್ಕೊಳ್ಳಲ್ಲ ಅಂತ ಹೇಳ್ಬೇಡಿ ಅಂದೆ ಅವರಿಗೆ.”

ಹೆಸರಕ್ಕ ಕುರ್ಚಿ ಹಿಡಿದುಕೊಂಡಳು. ಮಗಳು ತನ್ನನ್ನು ಕಾಪಾಡಲು ಮುಚ್ಚಿಟ್ಟಿದ್ದಳು, ತಾನು ಮಗಳನ್ನು ಕಾಪಾಡಲು ಮುಚ್ಚಿಟ್ಟಿದ್ದಳು, ನಡುವೆ ಆ ಕೂಸು ಏನೂ ಇಲ್ಲದೆ ಹೋಯಿತು. ಅವಳು ಪುಸ್ತಕ ತೆರೆದು ಪೆನ್ನು ಎತ್ತಿಕೊಂಡಳು.

“ಅಕ್ಕಾ, ಬೇಡ” ಎಂದ ಯಮಣ್ಣ ಮೆಲ್ಲಗೆ. “ಪಟ್ಟಿ ಹೋಗಿದೆ. ಸಾವು ದಾಖಲಾದ ಮೇಲೆ ಹುಟ್ಟಿನಲ್ಲಿ ಹೆಸರು ಸೇರಿಸೋ ಹಾಗಿಲ್ಲ. ಅದನ್ನ ನನಗೆ ಹೇಳಿಕೊಟ್ಟಿದ್ದೇ ನೀವು.”

ಪೆನ್ನು ಹಿಡಿದ ಕೈ ಗಾಳಿಯಲ್ಲೇ ಉಳಿಯಿತು. ಮಗಳು ಬಂದು ಪೆನ್ನು ಬಿಡಿಸಿ ಮೇಜಿನ ಮೇಲಿಟ್ಟಳು.

“ಕಾಗದ ಹೋಗ್ಲಿ ಬಿಡು. ಒಂಬತ್ತು ದಿನ ನಾನು ಕರೆದಿದ್ದೀನಿ. ಕರೆದಾಗ ಬೆರಳು ಅಲ್ಲಾಡಿಸ್ತಿತ್ತು. ನೀನು ಒಂದ್ಸಲಾನೂ ಕರೀಲಿಲ್ಲ ಅಮ್ಮ. ನಾನು ನೋಡ್ತಾನೇ ಇದ್ದೆ. ಈಗಾದ್ರೂ ಒಂದ್ಸಲ ಕರಿ.”

ಹೆಸರಕ್ಕ ಕಿಟಕಿಯ ಕಡೆ ತಿರುಗಿ, ದಿನವೂ ಸಾಲಿನಲ್ಲಿದ್ದವರನ್ನು ಕೂಗುವ ದನಿಯಲ್ಲೇ ಕೂಗಿದಳು.

“ನಲ್ಮೆ.”

ಸಾಲಿನಲ್ಲಿದ್ದವರು ತಮ್ಮ ತಮ್ಮ ಚೀಟಿ ನೋಡಿಕೊಂಡರು. ಪಕ್ಕದವರ ಮುಖ ನೋಡಿದರು. ಯಾರೂ ಮುಂದೆ ಬರಲಿಲ್ಲ. ಹೆಗಲ ಮೇಲೆ ಕೂಸು ಮಲಗಿಸಿಕೊಂಡಿದ್ದ ಹೆಂಗಸೊಬ್ಬಳು ಕಿಟಕಿಯ ಸರಳಿಗೆ ಮುಖ ತಂದು ಕೇಳಿದಳು. “ಚೆಂದ ಇದೆಯಲ್ಲ ಹೆಸರು. ಯಾರ ಮಗುವಿಂದು?”

“ನನ್ನ ಮಗಳದು” ಎಂದಳು ಮಗಳು.