ಊಟದ ಸರದಿ

"ಲೂರ್ದಮ್ಮ, ನಾಳೆ ಸ್ವಾಮಿಗಳ ಊಟ ನಿಮ್ಮನೇದು, ಗ್ಯಾಪ್ಕ ಐತಾ? ಹೋದ್ಸಲದಂಗೆ ಸಾರಿಗೆ ಉಪ್ಪು ಸುರಿದ್ಬುಟ್ಟೀಯ ಮತ್ತೆ!"

ಚೌರಪ್ಪ ಬಾಗಿಲಲ್ಲೇ ನಿಂತು ನಕ್ಕರು. ಪಾಳ್ಯದಾಚೆಯ ಆ ಎಸ್ಟೇಟಿನ ಪುಟ್ಟ ಚರ್ಚಿಗೆ ಹಿರಿಯರು ಅವರೇ. ಗಂಟೆ ಹೊಡೆಯುವುದಕ್ಕೂ ಅವರೇ, ಕೂಲಿ ಲೈನಿನ ಮನೆಗಳವರ ಜಗಳ ಬಿಡಿಸುವುದಕ್ಕೂ ಅವರೇ.

"ಸ್ವಾಮಿಗಳೇ ಚೆನ್ನಾಗೈತೆ ಅಂದ್ರಂತೆ ಮಾವ. ಉಪ್ಪು ನಿಮ್ ನಾಲ್ಗೇಲೈತೆ," ಎಂದು ಲೂರ್ದಮ್ಮ ಅವರನ್ನು ಸಾಗಹಾಕಿದಳು.

ಪ್ರತಿ ಭಾನುವಾರ ಪೇಟೆಯಿಂದ ಪಾದ್ರಿ ಸ್ವಾಮಿಗಳು ಬಂದು ಪೂಜೆ ಮುಗಿಸಿ, ಚರ್ಚಿನ ಹಿಂದಿನ ರೂಮಿನಲ್ಲಿ ಉಂಡು ಮಲಗಿ, ಸಂಜೆಗೆ ಹೊರಡುತ್ತಿದ್ದರು. ಊಟ ಕಳಿಸುವ ಸರದಿ ಲೈನಿನ ಹತ್ತು ಕ್ರೈಸ್ತ ಮನೆಗಳದ್ದು. ಹೊಸದಾಗಿ ಪರಮಪ್ರಸಾದ ತೆಗೆದುಕೊಂಡ ಮಗುವೇ ಕ್ಯಾರಿಯರ್ ಒಯ್ದರೆ ಮನೆಗೆ ಒಳ್ಳೆಯದೆಂದು ಯಾರು ಯಾವಾಗ ಹೇಳಿದ್ದರೋ, ಎಲ್ಲರೂ ಹಾಗೇ ನಡೆಸಿಕೊಂಡು ಬಂದಿದ್ದರು.

"ಸಗಾಯಿ, ನಾಳೆ ಆ ಹಳದಿ ಲಂಗ ಹಾಕ್ಕೊಳೇ. ಲಕ್ಷಣವಾಗಿ ಕಾಣ್ತೀಯ," ಎಂದಳು ಲೂರ್ದಮ್ಮ ಮಗಳಿಗೆ.

ಹನ್ನೊಂದು ವರ್ಷದ ಸಗಾಯಿ ಒಲೆಯ ಮುಂದೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ನಾನ್ ಹೋಗಕಿಲ್ಲ."

"ಅದ್ಯಾಕೆ? ಕಾಲು ಸವೀತದಾ?"

"ಸ್ವಾಮಿ ಚಿಲಕ ಹಾಕ್ತಾರೆ ಅವ್ವ."

"ಗಾಳಿಗೆ ಬಾಗ್ಲು ಹೊಡ್ಕಂತದೆ ಅಂತ ಹಾಕಿರ್ತಾರೆ ಕಣೆ." ಯೋಚಿಸುವ ಮೊದಲೇ ಲೂರ್ದಮ್ಮನ ಬಾಯಿಂದ ಮಾತು ಬಂದುಬಿಟ್ಟಿತ್ತು.

ಹುಡುಗಿ ಹೇಳಿದಳು. ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸದೆ, ಸ್ಕೂಲಿನ ಪಾಠ ಒಪ್ಪಿಸುವವಳ ಹಾಗೆ, ನಾಲ್ಕೈದು ಮಾತಿನಲ್ಲಿ ಹೇಳಿ ಮುಗಿಸಿದಳು. ಯಾರಿಗಾದರೂ ಹೇಳಿದರೆ ಪಾಪ ಬರುತ್ತದೆ, ನಿಮ್ಮವ್ವ ಹೇಗೂ ನಂಬುವುದಿಲ್ಲ ಎಂದಿದ್ದರಂತೆ.

ಒಲೆಯ ಮೇಲೆ ಅನ್ನ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ ತುಂಬಿದರೂ ಲೂರ್ದಮ್ಮನಿಗೆ ಎದ್ದು ಇಳಿಸುವುದಕ್ಕಾಗಲಿಲ್ಲ.

"ಅವತ್ತೇ ನಿಂಗೆ ಹೇಳಿದ್ನಲ್ಲವ್ವ," ಎಂದಳು ಸಗಾಯಿ.

ಹೇಳಿದ್ದಳು. ಕಳೆದ ಸರದಿಯ ದಿನ ಮನೆಗೆ ಬಂದು ವಾಂತಿ ಮಾಡಿಕೊಂಡು, "ಸ್ವಾಮಿ ಕೆಟ್ಟೋರು" ಎಂದಿದ್ದಳು. ದೇವರ ಮನುಷ್ಯನಿಗೆ ಹೀಗಂತೀಯಾ ಎಂದು ಲೂರ್ದಮ್ಮ ಬಾಯಿಯ ಮೇಲೇ ಬಾರಿಸಿದ್ದಳು. ದೀಪ ಹಚ್ಚುವ ಹೊತ್ತಿನವರೆಗೆ ಮಾತೆಯ ಪಟದ ಮುಂದೆ ಮೊಣಕಾಲೂರಿಸಿದ್ದಳು.

"ನೀನ್ ಹೇಳಿದ್ದೆ ಕಣ್ ಮಗಾ," ಎಂದಳು ಲೂರ್ದಮ್ಮ. "ನಾನೇ ಕೇಳ್ಲಿಲ್ಲ. ನಿನ್ ತಪ್ಪೇನೂ ಇಲ್ಲ."

ಗಂಡ ಬಿಸಿಲೆ ಕಡೆ ಮೆಣಸು ಕೊಯ್ಲಿಗೆ ಹೋಗಿದ್ದ. ಅವನು ಬರಲೆಂದು ಅವಳು ಕಾಯಲಿಲ್ಲ. ಬೆಳಿಗ್ಗೆ ಮಗಳ ಕೈ ಹಿಡಿದು ಚರ್ಚಿನ ಮುಂದೆ ಮೊದಲ ಬಸ್ಸಿಗೆ ನಿಂತಳು. ಬಾಗಿಲು ತೆಗೆಯಲು ಬಂದ ಚೌರಪ್ಪ ಬೀಗದ ಕೈ ಆಡಿಸುತ್ತ ಕೇಳಿದರು.

"ಪೂಜೆ ಬುಟ್ಟು ಎಲ್ಲಿಗಮ್ಮ ಸವಾರಿ? ಸ್ವಾಮಿಗಳ ಊಟ?"

"ಆಲೂರು ಪೊಲೀಸ್ ಸ್ಟೇಷನ್‌ಗೆ ಹೊಂಟಿದೀನಿ ಮಾವ."

ನಿಂತ ಜಾಗದಲ್ಲೇ ಎಲ್ಲ ಹೇಳಿದಳು. ಚೌರಪ್ಪ ಸುತ್ತ ಕಣ್ಣಾಡಿಸಿದರು.

"ಮೆಲ್ಲಗೆ ಕಣಮ್ಮ, ಮೆಲ್ಲಗೆ! ಹೆಣ್ಮಗ, ನಾಳೆ ಯಾರ್ ಕಟ್ಕತ್ತಾರೆ? ಬಿಷಪ್‌ಗೆ ಕಾಗ್ದ ಬರೆಯಾನ. ಅವರನ್ನ ಬ್ಯಾರೆ ಊರಿಗೆ ಹಾಕ್ತಾರೆ."

"ಆ ಊರಲ್ಲಿ ಮಕ್ಕಳಿಲ್ವಾ?"

"ಅದಲ್ಲಮ್ಮ, ನಾಕ್ ಜನಕ್ಕೆ ಗೊತ್ತಾದ್ರೆ ನಮ್ ಚರ್ಚಿನ ಮರ್ವಾದೆ..."

"ಹೋದ್ವಾರ ಊಟ ನಿಮ್ಮನೇದು ಮಾವ. ಕ್ಯಾರಿಯರ್ ಯಾರು ತಗೊಂಡೋದ್ರು?"

"ಇನ್ಯಾರು, ನಮ್ಮ ಜಸಿಂತ..." ಚೌರಪ್ಪ ಲೈನಿನ ಕಡೆ ನೋಡಿದರು.

ಸಗಾಯಿ ಮೊದಲ ಸಲ ಮುಖ ಎತ್ತಿದಳು. "ಆಮೇಲಿಂದ ಅವಳು ಸ್ಕೂಲಿಗೇ ಬಂದಿಲ್ಲ ತಾತ."

"ಜ್ವರ ಕಣವ್ವ," ಎಂದರು ಚೌರಪ್ಪ. "ಮೊಮ್ಮಗಳಿಗೆ ಜ್ವರ... ಹಂಗಂತ ಅವಳೇ ಅಂದ್ಲು."

ಬೀಗದ ಕೈ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳದೆ ಅವರು ಲೈನಿನ ಕಡೆ ತಿರುಗಿ ನಡೆದರು. ಹತ್ತು ಹೆಜ್ಜೆ ಹೋದವರು ಪಂಚೆ ಎತ್ತಿ ಹಿಡಿದು ಓಡತೊಡಗಿದರು.

ತಿರುವಿನಲ್ಲಿ ಬಸ್ಸು ಕಾಣಿಸಿತು. ಲೂರ್ದಮ್ಮ ಕೈ ಅಡ್ಡ ಹಾಕಿ ನಿಲ್ಲಿಸಿ, ಮಗಳನ್ನು ಹತ್ತಿಸಿ, ಮುಂದಿನ ಸೀಟಿನಲ್ಲಿ ಕೂರಿಸಿದಳು. ಕಂಡಕ್ಟರ್ ಸೀಟಿ ಊದಿದ. ಅವಳು ಮತ್ತೆ ಬಾಗಿಲಿಗೆ ಬಂದು, ಒಂದು ಕಾಲನ್ನು ಮೆಟ್ಟಿಲ ಮೇಲೂ ಇನ್ನೊಂದನ್ನು ನೆಲದ ಮೇಲೂ ಇಟ್ಟು, "ವಸಿ ತಡಿಯಣ್ಣ, ಇನ್ನಿಬ್ರು ಬರಬೌದು," ಎಂದು ಚೌರಪ್ಪ ಓಡಿದ ದಾರಿಯನ್ನೇ ನೋಡುತ್ತ ಹಾಗೇ ನಿಂತಳು.