ಏಳನೆಯ ಕಾಲಂ

ಕಮಲಾಪುರದ ಪ್ರಾಥಮಿಕ ಶಾಲೆಯ ಶಿಕ್ಷಕಿ ಶಿವಕಾಂತಮ್ಮ ಕಾದಂಬರಿ ಬರೆದಿದ್ದಾರೆಂಬುದು ಊರಿಗೆಲ್ಲ ಗೊತ್ತಿತ್ತು. ನಂಬಿದವರು ಮಾತ್ರ ಯಾರೂ ಇರಲಿಲ್ಲ. ಯಾಕೆಂದರೆ ಆ ಕಾದಂಬರಿ ಇದ್ದದ್ದು ಅಂತರಜಾಲದಲ್ಲಿ. 2001ರಲ್ಲಿ ಅವರು ಇಪ್ಪತ್ತಾರು ಭಾನುವಾರ ಕಲಬುರಗಿಗೆ ಬಸ್ಸು ಹತ್ತಿ, ಸ್ಟೇಶನ್ ಬಜಾರದ ಸೈಬರ್ ಕೆಫೆಯಲ್ಲಿ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಕನ್ನಡದ ಒಂದು ಜಾಲತಾಣಕ್ಕೆ ಕಳಿಸಿದ್ದರು. ಪುಟದ ಕೆಳಗೆ ಎಷ್ಟು ಜನ ನೋಡಿದರೆಂದು ತೋರಿಸುವ ಅಂಕಿ ಇತ್ತು. ವರ್ಷದಲ್ಲಿ ಅದು ಆರುನೂರು ದಾಟಿತು. ಅದರಲ್ಲಿ ಒಂದು ನಲವತ್ತು ಸಲ ನೋಡಿದವರು ಅವರೇ.

ಆದರೆ ಕೆಂಪು ಬಾಳೆಹಣ್ಣು ಬಿಟ್ಟರೆ ತಮ್ಮೂರಿಂದ ಹೊರಗೆ ಹೋಗಿ ಹೆಸರು ಮಾಡಿದ್ದು ಇನ್ನೊಂದಿದೆ ಎಂದು ಒಪ್ಪಲು ಕಮಲಾಪುರ ತಯಾರಿರಲಿಲ್ಲ.

"ಕರೆಂಟ್ ಹೋದ್ರ ನಿಮ್ಮ ಕಾದಂಬರೀನೂ ಹೋಗ್ತದೇನ್ರೀ ಅಕ್ಕೋರ?" ಎಂದು ಜೊತೆಯ ಶಿಕ್ಷಕಿ ಭಾಗಮ್ಮ ಕೇಳಿದಾಗ ಸ್ಟಾಫ್ ರೂಮೆಲ್ಲ ನಕ್ಕಿತು. ಶಿವಕಾಂತಮ್ಮನೂ ನಕ್ಕರು, ನಕ್ಕು, ಮರುದಿನವೇ ಕಲಬುರಗಿಯ ಒಂದು ಸಾಹಿತ್ಯ ಬಳಗದ ಪ್ರಶಸ್ತಿಗೆ ಅರ್ಜಿ ತರಿಸಿದರು. ಪ್ರಶಸ್ತಿ ಬಂದರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಪೇಪರಿನಲ್ಲಿ ಬಂದದ್ದನ್ನು ಕಮಲಾಪುರ ಇದುವರೆಗೆ ಅನುಮಾನಿಸಿದ್ದಿಲ್ಲ.

ನಿಯಮ ಸರಳವಾಗಿತ್ತು: 2002ರಲ್ಲಿ ಮೊದಲ ಸಲ ಪ್ರಕಟವಾದ ಪುಸ್ತಕ, ನಾಲ್ಕು ಪ್ರತಿ, ಕೊನೆಯ ದಿನ ಸಂಜೆ ಐದರೊಳಗೆ. ಕಲಬುರಗಿಯ ಮೋಮಿನಪುರದಲ್ಲಿ ಕಚೇರಿಗಳ ರಜಿಸ್ಟರ್ ಹೊಲಿಯುವ ಮಹಮ್ಮದ, ಪ್ರಿಂಟು ತೆಗೆಸಿದ ಹಾಳೆಗಳಿಗೆ ಕೆಂಪು ಬಟ್ಟೆಯ ರಟ್ಟು ಹಾಕಿದ. ನಾಲ್ಕು ಕಾದಂಬರಿಗಳೂ ತಹಸೀಲ್ ಕಚೇರಿಯ ದಫ್ತರಿನಂತೆ ಕಂಗೊಳಿಸಿದವು.

"ಗೋಂದು ಇನ್ನಾ ಹಸಿ ಅದ ಟೀಚರಮ್ಮ, ಜರಾ ಸಂಭಾಳಿಸಿ ಒಯ್ರಿ," ಎಂದು ಕಾಗದ ಸುತ್ತಿ ದಾರ ಬಿಗಿದ. "ಇನಾಮ್ ಬಂತಂದ್ರ ಬೈಂಡರನ ಹೆಸರೂ ಹೇಳಬೇಕ್ ನೋಡ್ರಿ!"

ಕೊನೆಯ ದಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಬ್ರಹ್ಮಪುರ ಓಣಿ ಮುಟ್ಟಿದಾಗ ನಾಲ್ಕೂಮುಕ್ಕಾಲು. ಬಳಗದ ಕಾರ್ಯದರ್ಶಿ ಮುಕುಂದರಾಯರು ನಿವೃತ್ತ ಹೆಡ್ ಮಾಸ್ತರು. ಅವರ ಪಡಸಾಲೆಯೇ ಬಳಗದ ಕಚೇರಿ. ಗಂಟನ್ನು ಬಿಚ್ಚದೆ ಪಕ್ಕಕ್ಕಿಟ್ಟು, ಅರ್ಜಿಯ ಮೇಲೆ ಬೆರಳಾಡಿಸುತ್ತ ಬಂದು ಏಳನೆಯ ಕಾಲಮ್ಮಿನಲ್ಲಿ ನಿಂತರು. 'ಈ ಕೃತಿ ಮೊದಲು ಎಲ್ಲಾದರೂ ಪ್ರಕಟವಾಗಿದೆಯೇ?' ಎದುರಿಗೆ ಖಾಲಿ.

"ಇಲ್ಲ ಅಂತ ಬರೀರಿ ಬಾಯಾರ."

"ಹೋದ ವರ್ಷ ಕಂಪ್ಯೂಟರಿನಾಗ ಬಂದದಲ್ರೀ ಸರ. ಆರುನೂರ ಮಂದಿ ಓದ್ಯಾರ."

"ಗುಂಡಿ ಒತ್ತಿದವರನ್ನೆಲ್ಲ ಓದುಗರು ಅನಬ್ಯಾಡ್ರಿ. ಕಂಪ್ಯೂಟರಿನಾಗ ಯಾರರೆ ಕಾದಂಬರಿ ಓದ್ತಾರೇನು? ಹೌದು ಅಂದ್ರ ಹಳೇ ಪುಸ್ತಕ, ನಿಯಮದಾಗ ಕೂಡೂದಿಲ್ಲ. ಇಲ್ಲ ಅಂದ್ರ ಹೊಸಾದು. ಬರದು ಮುಗಸ್ರಿ."

ಶಿವಕಾಂತಮ್ಮ ಪೆನ್ನಿನ ಟೋಪಿ ತೆಗೆದರು. ಫೋಟೋ ಕಣ್ಣೆದುರೇ ಇತ್ತು, ಭಾಗಮ್ಮನ ಮುಖವೂ.

"ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ," ಎಂದರು ರಾಯರು ತಡೆಯಲಾರದೆ. "ನಿಮ್ಮ ಕತೀಯೊಳಗಿನ ಆ ಬಂಡೆಮ್ಮ ಅಷ್ಟು ಗಟ್ಟಿಗಿತ್ತಿ. ಅಕೀನ್ನ ಕಡೀಕ ಆ ನಾಲಾಯಕ ಗಂಡನ ಮನೀಗೇ ಯಾಕ ವಾಪಸ್ ಕಳಿಸಿದ್ರಿ?"

ಶಿವಕಾಂತಮ್ಮ ಗಂಟಿನ ಕಡೆ ನೋಡಿದರು. ದಾರ ಬಿಗಿದದ್ದು ಬಿಗಿದಂತೆಯೇ ಇತ್ತು.

"ಇದು ನಿಮಗ ಹ್ಯಾಂಗ ಗೊತ್ತಾತ್ರಿ ಸರ?"

ರಾಯರು ಕನ್ನಡಕ ಒರೆಸತೊಡಗಿದರು. ಉತ್ತರ ಅಡುಗೆಮನೆಯಿಂದ, ಅವರ ಹೆಂಡತಿ ಅನಸೂಯಾಬಾಯಿಯಿಂದ ಬಂತು.

"ನಾ ಹೇಳ್ತೇನಿ ತಡೀರಿ! ಬ್ಯಾಂಕಿಗೆ ಹೋಗ್ತೇನಿ ಅಂತ ಸುಳ್ಳ ಹೇಳಿ ನಾಕು ದಿನಾ ಕಂಪ್ಯೂಟರ್ ಮುಂದ ಕೂತು ಬಂದಾರ. ಕಡೀ ದಿನಾ ಸಿಟ್ಟಿಲೆ ಊಟಾನೂ ಮಾಡಲಿಲ್ಲ!"

"ಖರೇನೂ ಉಣ್ಣಲಿಲ್ಲೇನ್ರೀ ಬಾಯಿ?" ಶಿವಕಾಂತಮ್ಮನ ದನಿ ತಾನಾಗಿ ಏರಿತು.

"ಬದನೀಕಾಯಿ ಎಣಗಾಯಿ ಮಾಡಿದ್ದೆ. ಮುಟ್ಟಲಿಲ್ಲ."

ಎಣಗಾಯಿ! ಬಂಡೆಮ್ಮನಿಗಾಗಿ ಒಬ್ಬ ಮನುಷ್ಯ ಎಣಗಾಯಿ ಬಿಟ್ಟು ಎದ್ದಿದ್ದಾನೆ. ಪೆನ್ನು ಸರಸರನೆ ಓಡಿತು: 'ಹೌದು. ಅಂತರಜಾಲದಲ್ಲಿ, 2001. ಓದಿದವರಲ್ಲಿ ತಮ್ಮ ಕಾರ್ಯದರ್ಶಿಗಳೂ ಒಬ್ಬರು.'

"ಅಯ್ಯಯ್ಯ, ಏನ್ ಮಾಡಿದ್ರಿ ಬಾಯಾರ! ಹೊಡದ್ ಹಾಕ್ರಿ, ಇನ್ನಾ ಹತ್ತು ನಿಮಿಷ ಅದ. ನಾ ಓದೇ ಇಲ್ಲ ಅಂತ ತಿಳೀರಿ!"

"ಅದೊಂದು ಆಗೂದಿಲ್ರಿ ಸರ." ಶಿವಕಾಂತಮ್ಮ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. "ಈಗ ಹೇಳ್ರಿ. ಬಂಡೆಮ್ಮ ಅಲ್ಲಿಗೆ ಹೋಗೂದು ಬ್ಯಾಡಂದ್ರ, ಮತ್ತೆಲ್ಲಿಗೆ ಹೋಗಬೇಕಿತ್ತು?"